ತಟ್ಟೆಯಿಲ್ಲದ ಸೈಕಲ್ಲು

ಆಗಸ್ಟ್ 23, ಶನಿವಾರ

ಮನೆ ಹತ್ತಿರದ ಮೇಬರಿ ಪಾರ್ಕಿನಲ್ಲಿ ಸೈಕಲ್ ಮೇಲೆ ಎರಡು ಸುತ್ತು. ಮನೆಗೆ ಬಂದು ಸೈಕಲ್ ತೊಳೆದೆ. ಮುಂದಿನ ಫೋರ್ಕ್ ಒರೆಸಿದೆ. ಹಿಂದಿನ ಶಾಕ್ ಅಬ್ಸಾರ್ಬರಿನಲ್ಲಿ ಗಾಳಿ ನೋಡಿದೆ — ಸರಿಯಿದೆ. ಹಿಂದಿನ ಕೀಲು ಒಂದು ವಾರದಿಂದ ಕಿರ್ ಎನ್ನುತ್ತಿತ್ತು. ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಕೂರಿಸಿದೆ. ಈಗ ಸದ್ದಿಲ್ಲ. ಇಪ್ಪತ್ತೆರಡು ವರ್ಷದ ಗಾಡಿ. ನನ್ನ ಮೊಣಕಾಲೇ ಇದಕ್ಕಿಂತ ಹೆಚ್ಚು ಕಿರುಗುಟ್ಟುತ್ತದೆ.

ಮುಂದೆಯೂ ಹಿಂದೆಯೂ ಸಸ್ಪೆನ್ಷನ್ ಇರುವ ಮೌಂಟನ್ ಬೈಕು. ಆ ಕಾಲಕ್ಕೆ ಇದು ರಾಜ. ಈಗ ಅಂಗಡಿಗೆ ಒಯ್ದರೆ ಅಜ್ಜನ ಕಾಲದ ರೇಡಿಯೋ ನೋಡಿದ ಹಾಗೆ ನೋಡುತ್ತಾರೆ. ಚಕ್ರ ಚಿಕ್ಕದು, ಇಪ್ಪತ್ತಾರು ಇಂಚು. ಈಗಿನವೆಲ್ಲ ಇಪ್ಪತ್ತೊಂಬತ್ತು. ಡಿಸ್ಕ್ ಬ್ರೇಕ್ ಇಲ್ಲ. ರಬ್ಬರ್ ತುಂಡು ಚಕ್ರದ ಅಂಚನ್ನೇ ಹಿಡಿದು ನಿಲ್ಲಿಸುವ ಹಳೆಯ ಪದ್ಧತಿ. ದಿನವಿಡೀ ಆಫೀಸಿನಲ್ಲಿ ಕಾರಿನ ಡಿಸ್ಕ್ ಬ್ರೇಕ್ ಟೆಸ್ಟ್ ಮಾಡುವ ಇಂಜಿನಿಯರು ಮನೆಗೆ ಬಂದು ಇದನ್ನು ಹತ್ತುತ್ತಾನೆ ಎಂದು ಜೊತೆಯವರು ನಗುತ್ತಾರೆ. ನಗಲಿ. ಡಾಕ್ಟರು ಮನೆಯಲ್ಲಿ ಕಷಾಯ ಕುಡಿಯುವುದಿಲ್ಲವೇ?

ಇದೇ ಮಾಡೆಲ್ ಇನ್ನೂ ಓಡಿಸುವ ಹಠಮಾರಿಗಳ ಗುಂಪೊಂದು ಇಂಟರ್‌ನೆಟ್ಟಿನಲ್ಲಿದೆ. ಕಂಪನಿ ಬಿಡಿಭಾಗ ಮಾಡುವುದನ್ನು ಎಂದೋ ನಿಲ್ಲಿಸಿತು. ವಿಸ್ಕಾನ್ಸಿನ್‌ನ ಒಬ್ಬ ಕೀಲಿನೊಳಗೆ ಕೂರುವ ಸಣ್ಣ ಬಳೆಗಳನ್ನು, ಬುಶ್‌ಗಳನ್ನು, ತಾನೇ ಮಾಡಿಸಿ ಹಂಚುತ್ತಾನೆ. ಇವತ್ತು ಎರಡು ಸೆಟ್ ಕಳಿಸಲು ಹೇಳಿದೆ. ಅರುವತ್ತು ದಾಟಿದ ಮನುಷ್ಯ. ಗಾಡಿ ನಿಲ್ಲುವ ತನಕ ತಾನೂ ನಿಲ್ಲುವಂತಿಲ್ಲ ಎಂದು ಬರೆದಿದ್ದಾನೆ. ಮುಖ ನೋಡಿಲ್ಲ, ಆದರೂ ನಮ್ಮ ಪೈಕಿಯವನು.

ಅವ್ವ ಗರಾಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದಳು. ಜೂನ್‌ನಲ್ಲಿ ಗದಗದಿಂದ ಬಂದಳು, ಡಿಸೆಂಬರ್ ತನಕ ಇರುತ್ತಾಳೆ. ಎಮ್ಮೆ ಮೈ ತಿಕ್ಕಿದಂತೆ ತಿಕ್ಕುತ್ತೀಯಲ್ಲೋ ಎಂದಳು. ಹೌದು, ಹಾಗೇ ತಿಕ್ಕುತ್ತೇನೆ.

ಆಗಸ್ಟ್ 26, ಮಂಗಳವಾರ. ಆಫೀಸು, ಊಟದ ಹೊತ್ತು

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಕಾರಣ ವಾಟ್ಸಾಪು.

ಪ್ರತಿ ಅಕ್ಟೋಬರ್ ನಮ್ಮ ಷಿಕಾಗೋ–ಡೆಟ್ರಾಯಿಟ್ ಸವಾರಿ. ಒಂದು ವರ್ಷ ಅವರಲ್ಲಿ, ಒಂದು ವರ್ಷ ನಮ್ಮಲ್ಲಿ. ಮೊದಲು ಹತ್ತು ಹನ್ನೊಂದು ಜನ ಇದ್ದೆವು. ಒಬ್ಬೊಬ್ಬರಿಗೆ ಒಂದೊಂದು ಸೊಂಟನೋವು. ಈಗ ನಾಲ್ಕೇ ಜನ. ಷಿಕಾಗೋ ಕಡೆಯ ಪ್ಲೇನ್‌ಫೀಲ್ಡ್‌ನಿಂದ ಸುದೀಪ್ ಮತ್ತು ಅವನ ಹೆಂಡತಿ ಮಾಳವಿಕಾ, ಅವರ ಪಕ್ಕದ ಮನೆಯ ನಂದನ್, ಇಲ್ಲಿ ಡೆಟ್ರಾಯಿಟ್ ಕಡೆಯಿಂದ ನಾನು. ಈ ಸಲ ನಮ್ಮ ಸರದಿ. ಪಿಂಕ್ನಿ ಹತ್ತಿರದ ಕಾಡಿನ ಹಾದಿ.

ಸುದೀಪ್ ಡೆಸ್ ಪ್ಲೇನ್ಸ್‌ನಲ್ಲಿ ಲಾಜಿಸ್ಟಿಕ್ಸ್ ಕಂಪನಿಯೊಂದರ ಐಟಿ ನೋಡಿಕೊಳ್ಳುತ್ತಾನೆ. ನನಗಿಂತ ಹತ್ತು ವರ್ಷ ಚಿಕ್ಕವನು. ಹೊಸ ಕಾರ್ಬನ್ ಬೈಕ್ ತಗೊಂಡಿದ್ದಾನೆ. ಫೋಟೋ ಹಾಕಿದ. ಗೇರು ಬದಲಾಯಿಸಲೂ ಬ್ಯಾಟರಿಯಂತೆ. ಚೆನ್ನಾಗಿದೆ ಎಂದು ಬರೆದೆ. ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅವನು — ಅಣ್ಣ, ನಿಮ್ಮ ಗಾಡಿಗೂ ಪೆನ್ಷನ್ ಕೊಡಿ, ಪ್ರತಿ ಏರಿನಲ್ಲೂ ನಿಮಗಾಗಿ ಕಾದು ಕಾದು ನಮ್ಮ ಬೆವರು ಆರುತ್ತೆ.

ಬೆರಳು ಸುಮ್ಮನಿರಬೇಕಲ್ಲ. ಬರೆದೇಬಿಟ್ಟೆ: ಈ ಸಲ ನಾಲ್ವರಲ್ಲಿ ನಾನು ಕೊನೆಗೆ ಬಂದರೆ ಗಾಡಿ ಗೋಡೆಗೆ ನೇತುಹಾಕುತ್ತೇನೆ, ಮತ್ತೆ ಅದನ್ನು ಹತ್ತುವುದಿಲ್ಲ.

ಮಾಳವಿಕಾ ನಗುವ ಗೊಂಬೆ ಹಾಕಿದಳು. ನಂದನ್ ಹೆಬ್ಬೆರಳು ಎತ್ತಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳಿಸಬಹುದಿತ್ತು. ಅಳಿಸುವ ಜಾತಿಯವನಲ್ಲ ನಾನು.

ಸೆಪ್ಟೆಂಬರ್ 7, ಭಾನುವಾರ

ಪಿಂಕ್ನಿಯ ಇಡೀ ಸುತ್ತು ಒಬ್ಬನೇ ಹೋಗಿ ಬಂದೆ. ಏರಿನಲ್ಲಿ ಉಸಿರು ಬಾಯಿಗೆ ಬಂತು. ಚಿಕ್ಕ ಚಕ್ರ ಪ್ರತಿ ಬೇರಿಗೂ ನಮಸ್ಕಾರ ಹಾಕಿ ಮುಂದೆ ಹೋಗುತ್ತದೆ. ದೊಡ್ಡ ಚಕ್ರದವರಿಗೆ ಬೇರು ಲೆಕ್ಕಕ್ಕೇ ಇಲ್ಲ. ಸತ್ಯ ಬರೆಯಬೇಕು: ಏರಿನಲ್ಲಿ ಸೋಲು ನನ್ನದೇ.

ಇಳಿಜಾರು ಬೇರೆ ಮಾತು. ಅಲ್ಲಿ ಈ ಗಾಡಿ ನನ್ನ ಮೈಯ ಭಾಗ. ಯಾವ ಕಲ್ಲಿಗೆ ಹಿಂಭಾಗ ಎಷ್ಟು ಕುಗ್ಗುತ್ತದೆ, ಯಾವ ತಿರುವಿಗೆ ಎಲ್ಲಿ ಬ್ರೇಕು ಹಿಡಿಯಬೇಕು — ಯೋಚಿಸುವುದೇ ಬೇಡ. ಇದರ ಬ್ರೇಕನ್ನು ಸ್ವಲ್ಪ ಮುಂಚೆಯೇ ಹಿಡಿಯಬೇಕು, ಮೆತ್ತಗೆ. ಹೊಸಬರು ತಡವಾಗಿ ಹಿಡಿದು ಪೊದೆಗೆ ಹೋಗುತ್ತಾರೆ.

ಹೆಂಡತಿ ಚೈತ್ರ ಸಂಜೆ ಕೇಳಿದಳು, ನಿಜವಾಗಲೂ ಗೋಡೆಗೆ ಹಾಕ್ತೀರಾ ಎಂದು. ಹಾಕುತ್ತೇನೆ ಎಂದೆ. ಹಾಕಿದ ಮೇಲೆ ಒಂದು ವಾರ ಯಾರೊಂದಿಗೂ ಮಾತಾಡದೆ ಕೂರುತ್ತೀರಲ್ಲ, ಅದನ್ನು ಸಹಿಸಬೇಕಾದವಳು ನಾನು ಎಂದಳು. ಮೈಸೂರಿನವಳು. ಮೆತ್ತಗೆ ಹೇಳುತ್ತಾಳೆ, ಸರಿಯಾದ ಜಾಗಕ್ಕೇ ನಾಟುತ್ತದೆ.

2009ರಲ್ಲಿ ಇಲ್ಲಿಗೆ ಬಂದ ಹೊಸತು. ನಾನಿದ್ದ ವಿಭಾಗದಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿದರು. ಪಕ್ಕದ ಟೇಬಲಿನವನು ಊರು ಬಿಟ್ಟು ಹೋಗುವಾಗ ಈ ಗಾಡಿಯನ್ನು ನನಗೆ ಮಾರಿದ. ಇವತ್ತೋ ನಾಳೆಯೋ ನನ್ನ ಸರದಿ ಎಂದು ಕಾಯುತ್ತಿದ್ದ ದಿನಗಳು. ಶನಿವಾರ ಕಾಡಿಗೆ ಹೋಗಿ ಬಂದರೆ ಸೋಮವಾರ ಆಫೀಸಿನ ಬಾಗಿಲು ತಳ್ಳುವ ಧೈರ್ಯ ಬರುತ್ತಿತ್ತು. ಇದನ್ನೆಲ್ಲ ಸುದೀಪನಿಗೆ ವಾಟ್ಸಾಪಿನಲ್ಲಿ ಹೇಗೆ ಹೇಳುವುದು?

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ವರ್ಕ್ ಫ್ರಮ್ ಹೋಮ್ ಹಾಕಿದೆ. ಅವ್ವನಿಗೆ ಇದು ಖಂಡೇಪೂಜೆ. ಎರಡು ಕಾರು, ನನ್ನ ಟೂಲ್ ಬಾಕ್ಸು, ಚೈತ್ರಳ ಲ್ಯಾಪ್‌ಟಾಪು, ಹುಲ್ಲು ಕತ್ತರಿಸುವ ಮಷಿನ್ನು, ಸೈಕಲ್ಲು — ಎಲ್ಲಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಕಾರಿನ ಮೇಲೆ ಕುಂಕುಮ ನಿಲ್ಲಲಿಲ್ಲ. ಗಾಳಿಗೆ ಉದುರಿತು. ಅವ್ವನಿಗೆ ಬೇಜಾರು. ಇಲ್ಲಿನ ಲೋಹಕ್ಕೆ ಕುಂಕುಮ ಹತ್ತುವುದಿಲ್ಲ ಎಂದು ಗೊಣಗಿದಳು.

ಸೈಕಲ್ಲಿನ ಮುಂದೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಕೈ ಮುಗಿದು ನಿಂತಳು. ಪಂದ್ಯದ ಸುದ್ದಿ ಚೈತ್ರ ಹೇಳಿದ್ದಾಳೆ.

ಅಕ್ಟೋಬರ್ 3, ಶುಕ್ರವಾರ

ಷಿಕಾಗೋದವರು ಸಂಜೆ ಬಂದರು. ದಾರಿಯುದ್ದಕ್ಕೂ ಟ್ರಾಫಿಕ್ಕು, ಸುದೀಪನ ಮುಖ ಬಾಡಿತ್ತು. ಮೂರು ಬೈಕುಗಳನ್ನು ಅವರೇ ಇಳಿಸಿ ಗರಾಜಿನಲ್ಲಿ ಸಾಲಾಗಿ ನಿಲ್ಲಿಸಿದರು. ನಡುವೆ ನನ್ನದು, ಜಾತ್ರೆಗೆ ಬಂದ ಅಜ್ಜನಂತೆ.

ಮೊಸರು ಸಾಲದು ಎಂದು ನೋವೈಯ ಅಂಗಡಿಗೆ ಹೋದೆ. ಬರುವಷ್ಟರಲ್ಲಿ ಅವ್ವ ಅವರ ಮೂರೂ ಬೈಕಿಗೆ ಪೂಜೆ ಮುಗಿಸಿದ್ದಳು. ಹ್ಯಾಂಡಲ್‌ಗಳಿಗೆ ಹೂವು, ಕೆಂಪಗೆ ದಪ್ಪ ಬೊಟ್ಟು. ಬುಧವಾರ ಆ ಮೂವರೂ ಆಫೀಸಿಗೆ ಹೋಗಿದ್ದರಂತೆ, ಪೂಜೆ ಮಾಡಿರಲಿಲ್ಲವಂತೆ. ಕಾಡಿಗೆ ಹೋಗುವ ಗಾಡಿ, ಪೂಜೆಯಿಲ್ಲದೆ ಹೋಗಬಾರದು ಎಂದಳು. ಮಾಳವಿಕಾ ಫೋಟೋ ತೆಗೆದು ತನ್ನ ಅಮ್ಮನಿಗೆ ಕಳಿಸಿದಳು. ಆಮೇಲೆ ಅವ್ವ ಊರಿಂದ ಒಣಗಿಸಿ ತಂದ ಬನ್ನಿ ಎಲೆ ಎಲ್ಲರ ಕೈಗಿಟ್ಟಳು. ಬನ್ನಿ ತಗೊಂಡು ಬಂಗಾರದಂತೆ ಇರೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಬೆಂಗಳೂರಿನ ಸುದೀಪನಿಗೆ ಈ ಪದ್ಧತಿ ಹೊಸದು. ಖುಷಿಪಟ್ಟ.

ಒಳ್ಳೆಯ ಸಂಜೆ. ಪಂದ್ಯದ ಮಾತು ಯಾರೂ ಎತ್ತಲಿಲ್ಲ.

ಅಕ್ಟೋಬರ್ 4, ಶನಿವಾರ. ಪಿಂಕ್ನಿ, ಪಾರ್ಕಿಂಗ್ ಲಾಟು, ಕಾರಿನೊಳಗೆ

ಇನ್ನೂ ಹೊರಟಿಲ್ಲ. ಹೊರಡುವುದೂ ಇಲ್ಲ. 

ಬೆಳಿಗ್ಗೆ ಎರಡು ಕಾರಿನಲ್ಲಿ ಬಂದೆವು. ಅವ್ವ, ಚೈತ್ರ ಜೊತೆಗೆ — ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಬೈಕು ಇಳಿಸಿ ಸುದೀಪ್ ಒಂದು ಸುತ್ತು ತಿರುಗಿದ. ಬ್ರೇಕು ಒತ್ತಿದ. ನಿಲ್ಲಲಿಲ್ಲ. ಪಿಕ್ನಿಕ್ ಬೆಂಚಿಗೆ ಹೋಗಿ ತಾಗಿದ. ಮಾಳವಿಕಾಳ ಬೈಕು ಹಂದಿಮರಿಯ ಹಾಗೆ ಕಿರುಚಿತು, ನಿಲ್ಲಲಿಲ್ಲ. ನಂದನ್‌ದೂ ಅದೇ.

ಬಗ್ಗಿ ನೋಡಿದೆ. ಚಕ್ರದ ನಡುವೆ ತಟ್ಟೆಯಂತೆ ಹೊಳೆಯುವ ಡಿಸ್ಕು. ಅದರ ಮೇಲೆಲ್ಲ ತೆಳ್ಳಗೆ ಕೆಂಪು. ಬೆರಳಿಂದ ಒರೆಸಿ ಮೂಸಿದೆ. ಕೊಬ್ಬರಿ ಎಣ್ಣೆ.

ಗೊತ್ತಾಯಿತು. ಒಣ ಕುಂಕುಮ ಉದುರುತ್ತದೆಂದು ಅವ್ವ ಎಣ್ಣೆಯಲ್ಲಿ ಕಲಸಿ ಹಚ್ಚಿದ್ದಾಳೆ. ಕುಂಕುಮ ಆ ಮೂವರಿಗೂ ಕಂಡಿದೆ, ಎಣ್ಣೆ ಕಲಸಿದ್ದು ಗೊತ್ತಿಲ್ಲ. ಹ್ಯಾಂಡಲಿಗೆ ಒಂದು ಬೊಟ್ಟು, ಮುಂದಿನ ಡಿಸ್ಕಿಗೆ, ಹಿಂದಿನ ಡಿಸ್ಕಿಗೆ. ದುಂಡಗೆ ಬೆಳ್ಳಿಯಂತೆ ಹೊಳೆಯುವ ಜಾಗ — ಪೂಜೆ ಮಾಡುವ ಯಾರಿಗಾದರೂ ಅದೇ ಮುಖ್ಯ ಅನ್ನಿಸುತ್ತದೆ. ನಿನ್ನೆ ನಾನು ಹೂವು ನೋಡಿದೆ, ಡಿಸ್ಕು ನೋಡಲಿಲ್ಲ. ಎಣ್ಣೆ ಕುಡಿದ ಬ್ರೇಕ್ ಪ್ಯಾಡು ಮತ್ತೆ ಕೆಲಸಕ್ಕೆ ಬಾರದು. ಆ ಬೈಕಿನಲ್ಲಿ ಇಳಿಜಾರಿಗೆ ಹೋದರೆ ಮರವೇ ಗತಿ.

ಆ ಕಡೆ ಬೆಂಚಿನ ಮೇಲೆ ಅವ್ವ ರೊಟ್ಟಿ ಬಿಚ್ಚುತ್ತಾ ಚೈತ್ರಳಿಗೆ ಹೇಳುತ್ತಿದ್ದಳು, ಮೂರೂ ಗಾಡಿಗೆ ಪೂಜೆ ಮಾಡೀನಿ, ಇನ್ನ ಯಾರಿಗೂ ಏನೂ ಆಗಂಗಿಲ್ಲ ಅಂತ. ಅಷ್ಟು ಸಮಾಧಾನದ ಮುಖ.

ಸುದೀಪನ ಕಡೆ ತಿರುಗಿದೆ. ನನ್ನದೇ ತಪ್ಪು ಎಂದೆ. ನಿಮಗೆ ಗೊತ್ತಿಲ್ಲದಂತೆ ನಿನ್ನೆ ಚೈನಿಗೆ ಎಣ್ಣೆ ಸ್ಪ್ರೇ ಮಾಡಿದೆ, ಡಿಸ್ಕಿಗೆ ಹಾರಿರಬೇಕು ಎಂದೆ. ಹೇಳುತ್ತಿರುವಾಗಲೇ ಮೈ ಉರಿಯಿತು. ಇಪ್ಪತ್ತು ವರ್ಷ ಬ್ರೇಕಿನಲ್ಲೇ ಅನ್ನ ತಿಂದವನು. ಡಿಸ್ಕಿನ ಹತ್ತಿರ ಎಣ್ಣೆ ತರಬೇಡಿ ಎಂದು ಇವರಿಗೆಲ್ಲ ಪಾಠ ಹೇಳಿದವನು.

ಸುದೀಪ್ ನನ್ನ ಗಾಡಿಯ ಬ್ರೇಕು ಒತ್ತಿ ನೋಡಿದ. ಆಮೇಲೆ ಹೇಳಿದ:

“ಅಣ್ಣ, ಇಂಥ ತಪ್ಪು ನೀವು ಮಾಡಲ್ಲ. ಈಗ ಬ್ರೇಕ್ ಇರೋದು ನಿಮ್ಮ ಗಾಡಿಗೆ ಮಾತ್ರ.”

ಅಷ್ಟೇ. ಉಳಿದದ್ದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪಂದ್ಯ ಉಳಿಸಿಕೊಳ್ಳಲು ನಾನೇ ಬೇಕೆಂದು ಮಾಡಿದೆ — ಅದೇ ಅರ್ಥ. ನಂದನ್ ನೆಲ ನೋಡಿದ. ಮಾಳವಿಕಾ ಗಂಡನ ತೋಳು ಹಿಡಿದಳು.

“ಹಂಗಂದ್ರ ನಾ ಸೋತೆ ಅಂತ ತಿಳ್ಕೊ. ಇವತ್ತ ಸಂಜಿಗೆ ಗಾಡಿ ಗ್ವಾಡಿಗೆ ಹಾಕತೀನಿ,” ಎಂದೆ. ಸಿಟ್ಟು ಬಂದಾಗ ನನಗೆ ಗದಗದ ಮಾತೇ ಬರುವುದು.

ಬಂದು ಕಾರಿನಲ್ಲಿ ಕೂತಿದ್ದೇನೆ. ಗಾಡಿ ಹೋದರೆ ಹೋಗಲಿ. ಮೋಸಗಾರ ಅನ್ನಿಸಿಕೊಂಡದ್ದು — ಅದನ್ನು ಯಾವ ಗೋಡೆಗೆ ಹಾಕಲಿ? ಆದರೂ ಅವ್ವನ ಹೆಸರು ಎತ್ತಲಾರೆ. ಆಕೆ ಸಮಾಧಾನದಿಂದ ಊರಿಗೆ ಹೋಗಲಿ.

ಕಿಟಕಿ ಬಡಿಯುತ್ತಿದ್ದಾಳೆ. ಅವ್ವ.

ಅದೇ ದಿನ, ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎಣ್ಣೆ ಎಂಬ ಶಬ್ದ ಅವ್ವನ ಕಿವಿಗೆ ಬಿದ್ದಿದೆ. ಚೈತ್ರಳನ್ನು ಕೇಳಿ ಪೂರ್ತಿ ತಿಳಿದುಕೊಂಡಿದ್ದಾಳೆ. ನನ್ನನ್ನು ಕಾರಿನಿಂದ ಇಳಿಸಿ, ಕೈ ಹಿಡಿದು, ಶಾಲೆಗೆ ಬಿಡಲು ಹೋದಂತೆ ಕರೆದುಕೊಂಡು ಹೋಗಿ ಸುದೀಪನ ಎದುರು ನಿಲ್ಲಿಸಿದಳು.

“ತಮ್ಮಾ, ಎಣ್ಣಿ ಹಚ್ಚಿದಾಕಿ ನಾನು. ಇವ ಮಸರ ತರಾಕ ಹೋಗಿದ್ದ. ನಾ ತಿಳೀಲಾರದ ಮಾಡೀನಿ, ಅದಕ್ಕ ನನಗ ಏನ್ ಬೇಕಾದ್ರೂ ಅನ್ನು. ಆದ್ರ ನನ್ನ ಮಗ ಮೋಸಾ ಮಾಡಾಂವಲ್ಲ. ಆ ಮಾತ ಹಿಂದಕ್ಕ ತಗೋ.”

ಎಪ್ಪತ್ತೆರಡು ವಯಸ್ಸು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆರಳಿಗೆ ಚಟ್ನಿಪುಡಿ ಮೆತ್ತಿಕೊಂಡು ನಿಂತಿದ್ದಳು. ತಪ್ಪಿಗೆ ತಲೆ ತಗ್ಗಿಸಲಿಲ್ಲ, ತಪ್ಪನ್ನು ಮುಚ್ಚಲೂ ಇಲ್ಲ. ನಾನು ಆಕೆಯನ್ನು ಗಾಜಿನ ಸಾಮಾನಿನಂತೆ ಕಾಪಾಡಲು ಹೊರಟಿದ್ದೆ. ಆಕೆ ನನಗಿಂತ ಗಟ್ಟಿ. ಇಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ. ಕಣ್ಣು ತುಂಬಿತು, ಹೆಲ್ಮೆಟ್ಟಿನ ಪಟ್ಟಿ ಸರಿಮಾಡುವ ನಾಟಕ ಮಾಡಿದೆ.

ಸುದೀಪ್ ಬೆಂಗಳೂರಿನ ಜಾಣ, ಆದರೂ ಒಳಗೆ ಒಳ್ಳೆಯವನು. ಮುಖ ಕೆಂಪಗಾಯಿತು. “ತಗೊಂಡೆ ಅಮ್ಮ. ತಪ್ಪಾಯ್ತು ಅಣ್ಣ,” ಎಂದ. ಪಂದ್ಯ ನಾಳೆ ಎಂದು ನಾನು ಹೇಳಿದೆ. ಮಧ್ಯಾಹ್ನವೇ ಹೊಸ ಪ್ಯಾಡ್ ಹಾಕಿ ಕೊಡುತ್ತೇನೆ, ನಾಳೆ ಬೆಳಿಗ್ಗೆ ಸಮ ಸಮ.

ನನ್ನ ಗಾಡಿಯನ್ನು ಯಾಕೆ ಬಿಟ್ಟೆ ಎಂದು ಅವ್ವನನ್ನು ಕೇಳಿದೆ. ಬುಧವಾರವೇ ಆಗಿತ್ತಲ್ಲ ಎಂದಳು. ಆಮೇಲೆ, “ಅಲ್ಲದ ನಿನ್ನ ಗಾಡಿಗೆ ತಟ್ಟಿನ ಇಲ್ಲಲ್ಲೊ, ಎಲ್ಲಿ ಹಚ್ಚಲಿ?” ಮಾಳವಿಕಾ ನಕ್ಕಳು. ಎಲ್ಲರೂ ನಕ್ಕೆವು.

ಇಷ್ಟು ದೂರ ಬಂದು ಸುಮ್ಮನೆ ಹೋಗುವುದು ಹೇಗೆ? ಬ್ರೇಕು ಇರುವುದು ಒಂದೇ ಗಾಡಿಗೆ. ಪಾಳಿ ಹಚ್ಚಿದೆವು. ಹೊಸಬರಿಗೆಂದು ಒಂದು ಸಣ್ಣ ಸುತ್ತಿದೆ, ಅದರಲ್ಲಿ ಒಬ್ಬೊಬ್ಬರೇ. ಉಳಿದವರಿಗೆ ಅಷ್ಟರಲ್ಲಿ ರೊಟ್ಟಿ. ಸೀಟು ಏರಿಸುವುದು, ಇಳಿಸುವುದು ನನ್ನ ಕೆಲಸ. ಬ್ರೇಕು ಮುಂಚೆ ಹಿಡಿಯಿರಿ ಎಂದು ಷಿಕಾಗೋದ ಮೂವರಿಗೂ ಹೇಳಿದೆ. ಮಾಳವಿಕಾ ಹೋಗಿ ಬಂದು ಸೋಫಾ ಮೇಲೆ ಕೂತ ಹಾಗಿದೆ ಎಂದಳು. ನಂದನ್ ಕೇಳದೆಯೇ ಎರಡು ಸುತ್ತು ಹೊಡೆದ. ಚೈತ್ರಳೂ ಹತ್ತಿದಳು, ಅವ್ವನ ಒತ್ತಾಯಕ್ಕೆ. ಸುತ್ತಿಗೆ ಹೋಗಲಿಲ್ಲ, ಲಾಟಿನಲ್ಲೇ ತಿರುಗಿದಳು.

ಕೊನೆಗೆ ಸುದೀಪ್. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡೋಣವೆಂದು ನಂದನ್ ಏಳುವಷ್ಟರಲ್ಲಿ ಬಂದ. ಮೊಣಕೈಗೆ ಮಣ್ಣು. ಬ್ರೇಕು ತಡವಾಗಿ ಹಿಡಿದಿದ್ದಾನೆ. ಗಾಡಿ ತಿರುಗಿಸಿ ಹಿಂದಿನ ಕೀಲುಗಳನ್ನು ನೋಡಿದ. ಬುಶ್ ಎಲ್ಲಿ ಸಿಗುತ್ತೆ ಅಣ್ಣ ಎಂದು ಕೇಳಿದ. ವಿಸ್ಕಾನ್ಸಿನ್‌ನವನ ಕಥೆ ಹೇಳಿದೆ. ಎಲ್ಲ ಕೇಳಿಸಿಕೊಂಡ. ಕೊನೆಗೆ ಒಂದೇ ಮಾತು: ಇಷ್ಟು ವರ್ಷದ ಗಾಡಿ ಇಷ್ಟು ಮೌನವಾಗಿ ಹೋಗುತ್ತೆ ಅಂದ್ಕೊಂಡಿರಲಿಲ್ಲ. ನನಗೆ ಅಷ್ಟು ಸಾಕು.

ಮಧ್ಯಾಹ್ನದಿಂದ ಗರಾಜು. ಮೂರು ಬೈಕು, ಆರು ಡಿಸ್ಕು. ಬಿಚ್ಚಿ, ಸ್ಪಿರಿಟ್‌ನಲ್ಲಿ ತೊಳೆದು, ಹೊಸ ಪ್ಯಾಡು ಕೂರಿಸಿದೆ. ಹೊಸ ಪ್ಯಾಡು ಹಾಕಿದ ಕೂಡಲೇ ಹಿಡಿಯುವುದಿಲ್ಲ. ಓಡಿಸಿ ನಿಲ್ಲಿಸಿ, ಓಡಿಸಿ ನಿಲ್ಲಿಸಿ ಪಳಗಿಸಬೇಕು. ಮನೆಯ ಮುಂದಿನ ರಸ್ತೆಯಲ್ಲಿ ಮೂರನ್ನೂ ಪಳಗಿಸಿದೆ. ಸುದೀಪನದ್ದನ್ನು ಅರ್ಧಕ್ಕೆ ಬಿಟ್ಟರೂ ಯಾರಿಗೂ ತಿಳಿಯುತ್ತಿರಲಿಲ್ಲ. ಮನಸ್ಸಿಗೆ ಬಂತು, ಅದನ್ನೂ ಬರೆಯುತ್ತೇನೆ. ಬಂದದ್ದಕ್ಕೆ ಅವನದ್ದನ್ನೇ ಎಲ್ಲಕ್ಕಿಂತ ಚೆನ್ನಾಗಿ ಮಾಡಿದೆ. ಒಂದು ಬೆರಳಿಗೆ ನಿಲ್ಲುತ್ತದೆ ಈಗ. ಕಿಮಕ್ ಎನ್ನುವುದಿಲ್ಲ.

ಅಕ್ಟೋಬರ್ 5, ಭಾನುವಾರ

ಸೋತೆ.

ಏರಿನಲ್ಲಿ ಮಾಳವಿಕಾ, ನಂದನ್ ಮುಂದೆ ಹೋದರು, ಹೋದವರು ಸಿಗಲಿಲ್ಲ. ಸುದೀಪ್ ಅವರ ಬೆನ್ನ ಹಿಂದೆ. ನಾನು ಕೊನೆ. ಅರ್ಧ ದಾರಿಯಲ್ಲಿ ಸುದೀಪ್ ಒಂದು ಬೇರಿನ ಮೇಲೆ ಜಾರಿ ಬಿದ್ದಿದ್ದ. ನಿಲ್ಲಿಸಿ ಪೆಟ್ಟಾಯಿತೇ ಎಂದೆ. ಇಲ್ಲ, ಹೋಗಿ ಎಂದ. ಹೋದೆ. ಅಲ್ಲಿಂದ ಕೊನೆಯ ಇಳಿಜಾರಿನ ತನಕ ಅವನ ಮುಂದೆಯೇ ಇದ್ದೆ. ಇಳಿಜಾರಿನಲ್ಲಿ ಗಾಡಿ ನನ್ನ ಕೆಳಗೆ ನೀರಿನ ಹಾಗೆ ಹರಿಯಿತು. ಇಷ್ಟು ಚೆನ್ನಾಗಿ ಎಂದೂ ಓಡಿಸಿರಲಿಲ್ಲ. ಬಿಡು, ಗೆದ್ದೆ ಅನ್ನಿಸಿತು.

ಕೊನೆಯ ತಿರುವು. ಬ್ರೇಕು ಹಿಡಿದೆ — ಎಲ್ಲಿ ಹಿಡಿಯಬೇಕೋ ಅಲ್ಲಿ, ಸ್ವಲ್ಪ ಮುಂಚೆ. ಹಿಂದೆಯೇ ಬಂದಿದ್ದ ಸುದೀಪ್ ಹಿಡಿಯಲಿಲ್ಲ. ತಿರುವಿನ ಬಾಯಿಯ ತನಕ ಬಿಟ್ಟುಕೊಂಡು ಬಂದು, ಅಲ್ಲಿ ಒಂದು ಬೆರಳು ಒತ್ತಿ, ಒಳಗಿನಿಂದ ನುಗ್ಗಿ ಮುಂದೆ ಹೋದ. ಅವನ ಬ್ರೇಕು ಸದ್ದೇ ಮಾಡಲಿಲ್ಲ. ಎಂಥ ಬ್ರೇಕು! ನಾನೇ ಪಳಗಿಸಿದ್ದು. ಒಂದು ಸೈಕಲ್ಲಿನ ಅಂತರ.

ನಗು ಬಂತು. ನಿಜವಾಗಲೂ. ನನ್ನ ಕೈಕೆಲಸವೇ ನನ್ನನ್ನು ಹಿಂದೆ ಹಾಕಿತು. ಬೇರೆಯವರ ಕೈಯಲ್ಲಿ ಸೋತಿದ್ದರೆ ಇಷ್ಟು ಹೆಮ್ಮೆ ಇರುತ್ತಿರಲಿಲ್ಲ.

ಸುದೀಪ್ ಇಳಿದು ಬಂದವನೇ ಪಂದ್ಯಗಿಂದ್ಯ ಎಲ್ಲ ನಿನ್ನೆಯೇ ಮುಗಿಯಿತು, ಗಾಡಿ ಗೋಡೆಗೆ ಹಾಕಬೇಡಿ ಎಂದ. ಮಾಳವಿಕಾ, ನಂದನ್ ಕೂಡ. ನಾನು ಬೆಂಚಿನ ಮೇಲೆ ಕೂತಿದ್ದ ಅವ್ವನ ಮುಖ ನೋಡಿದೆ. ಆಡಿದ ಮಾತು ಏನಿತ್ತು ಎಂದು ಕೇಳಿದಳು. ಹೇಳಿದೆ.

“ಹಂಗಾದ್ರ ಹಾಕು,” ಎಂದಳು.

ಬೇರೆ ಉತ್ತರ ಹೇಳಿದ್ದರೆ ಆಕೆ ನನ್ನ ಅವ್ವ ಅಲ್ಲ.

ಅಕ್ಟೋಬರ್ 6, ಸೋಮವಾರ

ಇಲ್ಲಿನ ಗೋಡೆ ಟೊಳ್ಳು, ಒಳಗೆ ಗಟ್ಟಿ ಮರ ಎಲ್ಲಿದೆ ಎಂದು ಬಡಿದು ನೋಡಿ ಕೊಕ್ಕೆ ತಿರುಗಿಸಿದೆ. ಅವ್ವ ಸ್ಟೂಲು ಹಿಡಿದಳು. ಎತ್ತಿ ಹಾಕಿದೆ. ಮುಂದಿನ ಚಕ್ರ ಸ್ವಲ್ಪ ಹೊತ್ತು ತಾನೇ ತಿರುಗಿತು.

ಬುಶ್‌ಗಳು ಇವತ್ತೇ ಪೋಸ್ಟಿನಲ್ಲಿ ಬಂದವು. ಡಬ್ಬ ಒಡೆಯಲಿಲ್ಲ.

ಅಕ್ಟೋಬರ್ 18, ಶನಿವಾರ

ಹನ್ನೆರಡು ದಿನ ಏನೂ ಬರೆದಿಲ್ಲ. ಚೈತ್ರ ಹೇಳಿದ್ದು ಒಂದು ವಾರ. ಪಾಪ, ಕಡಿಮೆ ಅಂದಾಜು.

ಬೈಕಿನ ಅಂಗಡಿಗೆ ಹೋದೆ. ಹೊಸದೊಂದನ್ನು ಹತ್ತಿ ಹಿಂದಿನ ಗಲ್ಲಿಯಲ್ಲಿ ಓಡಿಸಿದೆ. ಒಳ್ಳೆಯ ಗಾಡಿ. ಏರು ಗೊತ್ತೇ ಆಗುವುದಿಲ್ಲ. ಬ್ರೇಕು ಚೊಕ್ಕ. ಎಲ್ಲ ಸರಿ. ಒಳ್ಳೆಯವರನ್ನೆಲ್ಲ ಮದುವೆಯಾಗಲು ಬರುತ್ತದೆಯೇ? ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಗರಾಜಿಗೆ ಕಾರು ಹಾಕುವಾಗ ಹೆಡ್‌ಲೈಟು ಗೋಡೆಗೆ ಬೀಳುತ್ತದೆ. ದಿನಾ ನೋಡಲೇಬೇಕು. ಅವಮಾನ ಅನ್ನಿಸುವುದಿಲ್ಲ. ನಾಚಿಕೆಪಡುವಂಥದ್ದು ನಾನೂ ಮಾಡಿಲ್ಲ, ಅದೂ ಮಾಡಿಲ್ಲ. ಸಂಕಟ ಮಾತ್ರ ಇದೆ. ಓಡಬಲ್ಲದ್ದನ್ನು ನೇತುಹಾಕಿದ ಸಂಕಟ.

ನವೆಂಬರ್ 1, ಶನಿವಾರ

ಬೆಳಿಗ್ಗೆ ಪಕ್ಕದೂರು ಕ್ಯಾಂಟನ್ನಿಗೆ ಕಿರಾಣಿ ತರಲು ಹೋಗಿದ್ದೆ. ಬಂದು ಗರಾಜು ತೆರೆದರೆ ಗೋಡೆ ಖಾಲಿ.  ಕಳುವಾಯಿತು ಎಂದುಕೊಂಡೆ. ಒಳಗೆ ಓಡಿದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. ಸೈಕಲ್ಲು ಎಲ್ಲಿ ಎಂದೆ. ಇದ್ದಲ್ಲಿ ಇರ್ತೈತಿ ಎಂದಳು. ಚೈತ್ರ ಎಲ್ಲಿ ಎಂದೆ. ಅದಕ್ಕೂ ಅದೇ ಉತ್ತರ.

ಚೈತ್ರಳ ಕಾರು ಮನೆಯಲ್ಲೇ ಇತ್ತು.

ಬಹಳ ಹೊತ್ತಾದ ಮೇಲೆ ರಸ್ತೆಯ ತಿರುವಿನಲ್ಲಿ ಕಂಡಳು. ನನ್ನ ಗಾಡಿಯ ಮೇಲೆ. ಮೊಣಕಾಲ ತನಕ ಕೆಸರು, ಹೆಲ್ಮೆಟ್ಟು ವಾರೆ, ಮುಖವೆಲ್ಲ ಕೆಂಪು. ಮೇಬರಿಗೆ ಹೋಗಿದ್ದಳಂತೆ. ಮೂರನೆಯ ಶನಿವಾರವಂತೆ ಇದು. ನಾನು ಕಿರಾಣಿಗೆ ಹೋದ ಕೂಡಲೇ ಅವ್ವ, ಸೊಸೆ ಸೇರಿ ಇಳಿಸುವುದು, ನಾನು ಬರುವುದರೊಳಗೆ ಒರೆಸಿ ಮತ್ತೆ ಹಾಕುವುದು. ಇವತ್ತು ಕೆಸರಿನಲ್ಲಿ ತಡವಾಯಿತು, ಸಿಕ್ಕಿಬಿದ್ದರು.

ಇಳಿಯಲೆಂದು ಹ್ಯಾಂಡಲ್ ಹಿಡಿದೆ. ಅವಳೇ ಹೇಳಿದಳು:

“ಹತ್ತಲ್ಲ ಅಂತ ಮಾತು ಕೊಟ್ಟಿದ್ದು ನೀವು. ನಾನಲ್ಲ.”

ಐದಡಿಗೆ ಒಂದಿಂಚು ಕಡಿಮೆ ನನ್ನ ಹೆಂಡತಿ. ಎರಡು ವರ್ಷದ ಹಿಂದೆ ಅವಳಿಗೂ ಒಂದು ಬೈಕು ಎಂದು ಅಂಗಡಿ ಅಂಗಡಿ ತಿರುಗಿದ್ದೆವು. ಎಲ್ಲವೂ ದೊಡ್ಡ ಚಕ್ರ. ಹತ್ತಿದರೆ ಕುದುರೆ, ಕಾಲು ನೆಲಕ್ಕೆ ಸಿಗದು. ತನಗೆ ಈ ಆಟ ಅಲ್ಲ ಎಂದು ಕೈಬಿಟ್ಟಿದ್ದಳು. ಆವತ್ತು ಪಿಂಕ್ನಿಯ ಪಾರ್ಕಿಂಗ್ ಲಾಟಿನಲ್ಲಿ ಹತ್ತಿದಾಗ ಎರಡೂ ಕಾಲು ನೆಲಕ್ಕೆ ಸಿಕ್ಕವಂತೆ. ಯಾರಿಗೂ ಹೇಳಲಿಲ್ಲ. ಈ ಗಾಡಿ ತನ್ನ ಅಳತೆಗೇ ಮಾಡಿಸಿದಂತಿದೆ ಎನ್ನುತ್ತಾಳೆ. ಹದಿನಾರು ವರ್ಷ ಒಂದೇ ಗರಾಜಿನಲ್ಲಿ ಇವಳೂ ಇದ್ದಳು, ಅದೂ ಇತ್ತು. ನನಗೆ ಹೊಳೆಯಲೇ ಇಲ್ಲ. ನನ್ನ ಗಾಡಿ, ನನ್ನ ಗಾಡಿ ಎನ್ನುವುದರಲ್ಲೇ ಇದ್ದೆ.

ಒಂದೇ ದೂರು. ಹಿಂದಿನ ಶಾಕು ಕಲ್ಲಿನ ಹಾಗಿದೆ, ಬೇರು ಬಂದರೆ ಬೆನ್ನಿಗೆ ಹೊಡೆಯುತ್ತದೆ. ಆಗಲೇಬೇಕು — ಗಾಳಿ ಇರುವುದು ನನ್ನ ತೂಕಕ್ಕೆ. ಸರಿಮಾಡುತ್ತೇನೆ, ನಿನ್ನ ತೂಕ ಹೇಳು ಎಂದೆ. ಅಂದಾಜಿಗೆ ಹಾಕಿ ಎಂದಳು. ಅಂದಾಜು ನನ್ನ ಕೆಲಸದಲ್ಲಿ ಇಲ್ಲ ಎಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮದುವೆಯಾಗಿ ಹತ್ತೊಂಬತ್ತು ವರ್ಷ, ಡಾಕ್ಟರ ಹತ್ತಿರವೂ ನನ್ನನ್ನು ಹೊರಗೆ ಕಳಿಸಿ ತಕ್ಕಡಿ ಹತ್ತುವವಳು.

ವಿಸ್ಕಾನ್ಸಿನ್‌ನ ಡಬ್ಬ ಒಡೆದೆ. ಬುಶ್‌ಗಳು ಅಚ್ಚುಕಟ್ಟು. ಸಂಜೆಯೊಳಗೆ ಹಳೆಯವನ್ನೆಲ್ಲ ತೆಗೆದು ಹೊಸವನ್ನು ಕೂರಿಸಿದೆ. ಮಾತು ಕೊಟ್ಟದ್ದು ಹತ್ತುವುದಿಲ್ಲ ಎಂದು. ಮುಟ್ಟುವುದಿಲ್ಲ ಎಂದು ಯಾರು ಹೇಳಿದರು?

ನವೆಂಬರ್ 2, ಭಾನುವಾರ. ಗರಾಜು

ಟೂಲ್ ಬಾಕ್ಸಿನ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಬಿಸಿಲಿದೆ, ಚಳಿಯೂ ಇದೆ.

ಬೆಳಿಗ್ಗೆ ಚೈತ್ರ ಬಂದು, ಗರಾಜಿನಲ್ಲಿ ಬೇರೆ ಯಾರೂ ಇಲ್ಲದಿದ್ದರೂ, ಕಿವಿಯ ಹತ್ತಿರ ಬಾಯಿಟ್ಟು ತೂಕ ಹೇಳಿದಳು. ಇಲ್ಲಿ ಬರೆಯುವುದಿಲ್ಲ. ಪಂಪು ಹಚ್ಚಿ ಗಾಳಿ ಬಿಟ್ಟೆ, ತುಂಬಿದೆ, ಮತ್ತೆ ಸ್ವಲ್ಪ ಬಿಟ್ಟೆ. ಕೂರಿಸಿ ಎಷ್ಟು ಕುಗ್ಗುತ್ತದೆಂದು ನೋಡಿದೆ. ಸರಿ. ಸೀಟು ನನ್ನ ಗುರುತಿನಿಂದ ಬಹಳ ಕೆಳಗೆ. ಆ ಹಳೆಯ ಗುರುತು ಒರೆಸಿ ಹೊಸದು ಹಾಕಿದೆ. ಕೈ ಹಿಂಜರಿಯಲಿಲ್ಲ. ಹಿಂಜರಿಯುತ್ತದೆ ಎಂದುಕೊಂಡಿದ್ದೆ.

ನೀವೂ ಒಂದು ಹೊಸದು ತಗೊಳ್ಳಿ, ನನ್ನ ಹಿಂದೆ ಬನ್ನಿ ಎಂದಳು. ಹಿಂದೆಯಂತೆ. ಈಗಲೇ ಶುರು.

ಅವ್ವ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಚೈತ್ರ ರಸ್ತೆಯಲ್ಲಿ ಹೋಗುತ್ತಿದ್ದಾಳೆ. ಹೊರಗೆ ನಿಂತು ಈ ಗಾಡಿ ಓಡುವುದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ, ಯಾವಾಗಲೂ ಮೇಲೆ ಕೂತಿರುತ್ತಿದ್ದೆ. ಎಷ್ಟು ಚಂದ ಹೋಗುತ್ತದೆ. ಸ್ಪೀಡ್ ಬ್ರೇಕರ್ ಮೇಲೆ ಹಿಂಭಾಗ ಮೆತ್ತಗೆ ಬಗ್ಗಿ ಎದ್ದಿತು. ಸದ್ದಿಲ್ಲ.

ನಮ್ಮ ಬಡಾವಣೆಯ ಕೊನೆಯ ತಿರುವು. ಬ್ರೇಕು ಹಿಡಿದಳು — ಸ್ವಲ್ಪ ಮುಂಚೆ, ಮೆತ್ತಗೆ. ನಾನು ಹೇಳಿಕೊಟ್ಟದ್ದಲ್ಲ. ತಾನೇ ಕಂಡುಕೊಂಡಿದ್ದಾಳೆ. ಅವ್ವ, ನೋಡಿದೆಯಾ ಎಂದೆ; ಅವ್ವ ಆಗಲೇ ನನ್ನ ಮುಖ ನೋಡಿ ನಗುತ್ತಿದ್ದಾಳೆ. ಚೈತ್ರ ತಿರುಗಿದಳು. ಬರುತ್ತಿದ್ದಾಳೆ, ವೇಗವಾಗಿಯೇ, ಒಂದು ಕೈ ಎತ್ತಿ, ನಗುತ್ತಾ ಏನೋ ಕೂಗುತ್ತಿದ್ದಾಳೆ. ಪೆನ್ನು ಇಡುತ್ತೇನೆ.